ಮಗನ ಕೆಂಪು ಕಾರು, ತಾಯಿಯ ಬಳೆ



ಈ ಸಲ ಬಂದ ಪತ್ರಗಳಲ್ಲಿ ಚಿಂತಾಮಣಿಯ ಸೋದರಿಯೊಬ್ಬರದು ಎಲ್ಲಕ್ಕಿಂತ ಬೇರೆಯಾಗಿತ್ತು. ಅವರ ಮಗ ಬೆಂಗಳೂರಿನ ಕೆ.ಆರ್. ಪುರದ ಕಡೆ ಕೆಲಸದಲ್ಲಿದ್ದಾನೆ. ಇಂದಿರಾನಗರದಲ್ಲಿ ಗೆಳೆಯರ ಜೊತೆ ಬಾಡಿಗೆ ಮನೆ. ಅವನಿಗೀಗ ಎರಡೇ ಬಾಗಿಲಿನ, ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರಿನ ಮೇಲೆ ಮನಸ್ಸಾಗಿದೆ. "ಅಮ್ಮಾ, ಇದು ಬಂಗಾರ ಇದ್ದ ಹಾಗೆ. ಬೆಲೆ ಇಳಿಯೋದೇ ಇಲ್ಲವಂತೆ. ಎರಡು ವರ್ಷ ಓಡಿಸಿ ಅದೇ ದುಡ್ಡಿಗೆ ಮಾರಬಹುದಂತೆ. ನಿನ್ನ ಠೇವಣಿ ಮುರಿಸಿ ಕೊಡು, ಸಾಲದೆ ಬಂದರೆ ಬಳೆ ಗಿರವಿ ಇಡೋಣ" ಎಂದು ಕೇಳಿದ್ದಾನೆ. ತಾಯಿಯ ಪ್ರಶ್ನೆ ಒಂದೇ ಸಾಲಿನದು: "ಹೌದೇನ್ರೀ, ಕಾರು ಬಂಗಾರವೇ?"

ಅಲ್ಲ. ಆದರೆ ಅಷ್ಟು ಹೇಳಿ ಪತ್ರ ಮಡಿಚಿಟ್ಟರೆ ಮಗನೂ ಒಪ್ಪುವುದಿಲ್ಲ, ತಾಯಿಗೂ ಸಮಾಧಾನವಾಗುವುದಿಲ್ಲ. ಸೀರೆ ಕೊಳ್ಳುವಾಗ ಸೆರಗು, ಜರಿ, ಬಣ್ಣ ಎಲ್ಲ ತಿರುವಿ ನೋಡುವ ನಾವು ಲಕ್ಷಗಟ್ಟಲೆ ಹಣದ ಕಾರನ್ನು "ಅದು ಗಂಡಸರ ವಿಷಯ" ಎಂದು ಬಿಟ್ಟುಬಿಡುವುದೇಕೆ? ಹಣ ನಮ್ಮದಾದ ಮೇಲೆ ವಿಷಯವೂ ನಮ್ಮದೇ.

ಮೊದಲು ಬೆಲೆ ಇಳಿಯುವ ಲೆಕ್ಕ ನೋಡೋಣ. ವಿಮೆಯವರು ಕಾರಿನ ಬೆಲೆ ಕಟ್ಟುವಾಗ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಹೊಸ ಕಾರಿಗೆ ಆರು ತಿಂಗಳೊಳಗೆ ಶೇಕಡಾ 5 ಕಳೆಯುತ್ತಾರೆ, ವರ್ಷದೊಳಗೆ 15, ಎರಡನೆಯ ವರ್ಷದಲ್ಲಿ 20, ಮೂರನೆಯದರಲ್ಲಿ 30, ನಾಲ್ಕನೆಯದರಲ್ಲಿ 40, ಐದನೆಯದರಲ್ಲಿ 50. ಅಂದರೆ 10 ಲಕ್ಷದ ಕಾರು ಐದನೆಯ ವರ್ಷದಲ್ಲಿ ವಿಮೆಯ ಪುಸ್ತಕದಲ್ಲಿ 5 ಲಕ್ಷ. ಪೇಟೆಯ ಬೆಲೆ ಇದಕ್ಕಿಂತ ಸ್ವಲ್ಪ ಆಚೆ ಈಚೆ ಇದ್ದೀತು. ಆದರೂ ದೊಡ್ಡ ಇಳಿತವೆಲ್ಲ ಮೊದಲ ವರ್ಷಗಳಲ್ಲಿ, ಮೊದಲು ಕೊಂಡವನ ತಲೆಯ ಮೇಲೆ ಬೀಳುತ್ತದೆ. ನಾಲ್ಕೈದು ವರ್ಷದ ಕಾರು ಕೊಂಡವನಿಗೆ ಇಳಿತ ನಿಧಾನ. ಮಗನ ಮಾತಿನಲ್ಲಿ ಇಷ್ಟು ನಿಜವಿದೆ, ಅದನ್ನು ಒಪ್ಪಿಕೊಳ್ಳೋಣ.

ಇನ್ನೊಂದು ನಿಜವೂ ಇದೆ. ಕೆಲವು ಕಾರುಗಳು ಉಳಿದವುಗಳಿಗಿಂತ ಬೆಲೆ ಹಿಡಿದುಕೊಳ್ಳುತ್ತವೆ. ಜರ್ಮನಿಯ ಪೋರ್ಷೆ 911, 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5, ಇವಕ್ಕೆಲ್ಲ ಹೊರದೇಶಗಳಲ್ಲಿ ಅಂಥ ಹೆಸರು. ನಮ್ಮಲ್ಲಿ ಫೋಕ್ಸ್‌ವ್ಯಾಗನ್ ಪೋಲೋ 2022ರಲ್ಲಿ ತಯಾರಿಕೆ ನಿಂತ ಮೇಲೂ ಅದರ ಜಿಟಿ ಟಿಎಸ್‌ಐ ಮಾದರಿಯನ್ನು ಹುಡುಕಿಕೊಂಡು ಬರುವ ಹುಡುಗರಿದ್ದಾರೆ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕೂಡ ಹಾಗೆಯೇ. 2020ರಲ್ಲಿ ಬಂದ ಆರ್‌ಎಸ್ 245 ಇಡೀ ದೇಶಕ್ಕೆ 200 ಮಾತ್ರ. ಬೆಲೆ ನಿಲ್ಲುವ ಗುಟ್ಟು ಇಷ್ಟೇ: ತಯಾರಾದದ್ದು ಕಡಿಮೆ ಇರಬೇಕು, ಬೇಕೆನ್ನುವವರು ಹೆಚ್ಚಿರಬೇಕು, ಬಿಡಿಭಾಗ ಸಿಗಬೇಕು, ಕಾರು ಕಂಪನಿಯಿಂದ ಬಂದ ಹಾಗೆಯೇ ಇರಬೇಕು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಅದು ಬರೀ ಹಳೆಯ ಕಾರು.

ಬಿಡಿಭಾಗದ ಮಾತು ಬಂತು. ಬೆಂಗಳೂರಿನಲ್ಲಿ ಮಾಮೂಲಿ ಕಾರಿನ ಕನ್ನಡಿ ಒಡೆದರೆ, ಬಾಗಿಲು ನೆಗ್ಗಿದರೆ ಶಿವಾಜಿನಗರದ ಗುಜರಿಯಲ್ಲಿ ಚೌಕಾಸಿ ಮಾಡಿ ಹಳೆಯದೊಂದನ್ನು ತರಬಹುದು. ಹೊರದೇಶದಿಂದ ಬಂದ ಎರಡು ಬಾಗಿಲಿನ ಕಾರಿನ ದೀಪ ಅಲ್ಲೆಲ್ಲಿ ಸಿಕ್ಕೀತು? ಕಂಪನಿಯವರಿಂದಲೇ ತರಿಸಬೇಕು, ಅವರು ಹೇಳಿದ ಬೆಲೆ ಕೊಡಬೇಕು, ಬರುವವರೆಗೆ ಕಾಯಬೇಕು. ಅಲ್ಲದೆ ಇಂಥ ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ಹಲಸೂರಿನ ಗಲ್ಲಿಯ ಉಬ್ಬುಗಳನ್ನೂ ಮಳೆಗಾಲದ ಗುಂಡಿಗಳನ್ನೂ ದಾಟುವಾಗ ತಳ ಉಜ್ಜಿದರೆ ಓಡಿಸುವವನ ಹೊಟ್ಟೆಯೇ ಉರಿಯುತ್ತದೆ. ತಾಯಿ ಊರಿಂದ ಬಂದರೆ ಒಬ್ಬರು ಕೂರಬಹುದು, ತಂದೆಯೂ ಬಂದರೆ? ಅವರು ಬಸ್ಸಿಗೆ!

ಈಗ ಸಾಲದ ಲೆಕ್ಕ. 8 ಲಕ್ಷಕ್ಕೆ ಕಾರು ಕೊಂಡು ಮೂರು ವರ್ಷದ ಮೇಲೆ 7 ಲಕ್ಷಕ್ಕೆ ಮಾರಿದ ಎನ್ನೋಣ. "ಹೋದದ್ದು ಒಂದೇ ಲಕ್ಷ" ಎಂದು ಮಗ ಹೇಳುತ್ತಾನೆ. ಆದರೆ ಅದರಲ್ಲಿ 6 ಲಕ್ಷ ಸಾಲವಾಗಿದ್ದು ಬಡ್ಡಿ ವರ್ಷಕ್ಕೆ ಶೇಕಡಾ 12 ಆಗಿದ್ದರೆ, ತಿಂಗಳ ಕಂತು ಸುಮಾರು 19,930 ರೂಪಾಯಿ. ಮೂರು ವರ್ಷಕ್ಕೆ ಬಡ್ಡಿಯೇ ಸುಮಾರು 1 ಲಕ್ಷ 17 ಸಾವಿರ. ಬೆಲೆ ಇಳಿದದ್ದಕ್ಕಿಂತ ಬಡ್ಡಿಯೇ ಹೆಚ್ಚಾಯಿತು! ಇದರ ಮೇಲೆ ವಿಮೆ, ಟೈರು, ಸರ್ವೀಸು, ಪೆಟ್ರೋಲು. ಬಳೆ ಪೆಟ್ಟಿಗೆಯಲ್ಲಿ ಸುಮ್ಮನೆ ಮಲಗಿದ್ದರೆ ಊಟ ಕೇಳುವುದಿಲ್ಲ. ಕಾರು ನಿಂತಲ್ಲೇ ಊಟ ಕೇಳುತ್ತದೆ. ಬಂಗಾರಕ್ಕೂ ಕಾರಿಗೂ ಇರುವ ವ್ಯತ್ಯಾಸ ಇದೇ.

"ಆದರೂ ಕೊಂಡೇ ಕೊಳ್ಳುತ್ತಾನೆ, ಏನು ನೋಡಬೇಕು ಹೇಳಿ" ಎನ್ನುವಿರಾ? ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಮೊದಲು ನಂಬರ್ ಪ್ಲೇಟ್ ನೋಡಿ. ಕೆಎ-03 ಎಂದರೆ ಬೆಂಗಳೂರು ಪೂರ್ವ, ಕೆಎ-53 ಎಂದರೆ ಕೆ.ಆರ್. ಪುರ. ಬೇರೆ ರಾಜ್ಯದ ನಂಬರಿದ್ದು ಬೆಲೆ ಅಗ್ಗವಿದ್ದರೆ ಹಿಗ್ಗಬೇಡಿ. ಹತ್ತು ವರ್ಷ ದಾಟಿದ ಡೀಸೆಲ್ ಕಾರು ದೆಹಲಿಯಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಮಾಡಿದ ಮೇಲೆ ಅಲ್ಲಿಯ ಕಾರುಗಳು ಅಗ್ಗವಾಗಿ ಹೊರರಾಜ್ಯಗಳಿಗೆ ಬರತೊಡಗಿದವು. ಹೊರರಾಜ್ಯದ ಕಾರನ್ನು ಇಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಬೇಕು, ಇಲ್ಲಿಯ ಜೀವಾವಧಿ ತೆರಿಗೆ ಕಟ್ಟಬೇಕು; ಹಳೆಯ ಆರ್‌ಟಿಓ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಫಾರಂ 28ರ ಎನ್‌ಓಸಿಯೂ ಬೇಕು. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಕೆಂಪು ಫೆರಾರಿಯೊಂದನ್ನು ಬೆಂಗಳೂರಿನಲ್ಲಿ ಹಿಡಿದು, ದಂಡ ಸೇರಿ ಸುಮಾರು 1 ಕೋಟಿ 41 ಲಕ್ಷ ರೂಪಾಯಿ ತೆರಿಗೆ ವಸೂಲು ಮಾಡಿದರು. ನಮ್ಮ ಹುಡುಗನ ಕಾರು ಅಷ್ಟು ದೊಡ್ಡದಲ್ಲ. ಆದರೆ ಕಾನೂನು ಎಲ್ಲರಿಗೂ ಒಂದೇ.

ಎರಡನೆಯದು ಆರ್‌ಸಿ. ಎಷ್ಟನೆಯ ಮಾಲೀಕ? ಮೇಲೆ ಬ್ಯಾಂಕಿನ ಸಾಲ ಬರೆದಿದೆಯೇ? ಬರೆದಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಇಲ್ಲದೆ ಮುಂಗಡ ಕೂಡ ಕೊಡಬೇಡಿ. ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಆರ್‌ಸಿಯೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಸರ್ಕಾರದ ಪರಿವಾಹನ್ ತಾಣದಲ್ಲಿ ನಂಬರು ಹಾಕಿದರೆ ವಿಮೆ, ಸಾಲ ಎಲ್ಲ ತಿಳಿಯುತ್ತದೆ. ಪೊಲೀಸರ ಬಾಕಿ ದಂಡವನ್ನೂ ನೋಡಿಸಿ. ಮಗನಿಗೆ ಮೊಬೈಲಿನಲ್ಲಿ ಇದು ಐದು ನಿಮಿಷದ ಕೆಲಸ.

ಮೂರನೆಯದು ನೀರು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಬೆಂಗಳೂರಿನ ಪೂರ್ವದ ಬಡಾವಣೆಗಳು ಮುಳುಗಿದವು. ಯಮಲೂರಿನಲ್ಲಿ ಭಾರಿ ಬೆಲೆಯ ಕಾರುಗಳೇ ನೀರಿನಲ್ಲಿ ನಿಂತಿದ್ದವು. ನೀರು ಕುಡಿದ ಕಾರು ಒರೆಸಿ ಹೊಳಪು ಕೊಟ್ಟು ಮಾರಾಟಕ್ಕೆ ನಿಂತರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಇಲ್ಲಿ ನಮ್ಮ ಮೂಗೇ ಮೆಕ್ಯಾನಿಕ್! ಅಕ್ಕಿ ಡಬ್ಬದ ಮುಗ್ಗಲು ಕಂಡುಹಿಡಿಯುವವರಿಗೆ ಕಾರಿನ ಮುಗ್ಗಲು ತಿಳಿಯದೇ? ಕಿಟಕಿ ಮುಚ್ಚಿ ಎರಡು ನಿಮಿಷ ಕೂತು ಮೂಸಿ ನೋಡಿ. ನೆಲದ ಕಾರ್ಪೆಟ್ ಎತ್ತಿಸಿ, ಸೀಟಿನ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ, ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಸಂಜೆಯ ದೀಪದ ಬೆಳಕಿನಲ್ಲಿ ಬೇಡ, ಹಗಲು ಬಿಸಿಲಿನಲ್ಲಿ ನೋಡಿ. ಬಾಗಿಲಿಂದ ಬಾಗಿಲಿಗೆ ಬಣ್ಣ ಬೇರೆಯಾದರೆ ಪೆಟ್ಟು ತಿಂದ ಗಾಡಿ ಇರಬಹುದು.

ನಾಲ್ಕನೆಯದು ಅಲಂಕಾರ. ಸೈಲೆನ್ಸರ್ ಬದಲಿಸಿ ಗುಡುಗಿನ ಸದ್ದು ಮಾಡಿಸಿದ್ದು, ಅಗಲ ಟೈರು ಹಾಕಿದ್ದು, ಎಂಜಿನ್ನಿನ ಶಕ್ತಿ ಹೆಚ್ಚಿಸಿದ್ದು, ಇವುಗಳಿಗೆ ಹೆಚ್ಚು ಹಣ ಕೊಡಬೇಡಿ. ತಯಾರಕರು ಕೊಟ್ಟ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿಗೆ ವಿರುದ್ಧ. ಬೆಲೆಯೂ ನಿಲ್ಲುವುದಿಲ್ಲ. ಪ್ರತಿ ಸರ್ವೀಸಿನ ರಸೀತಿ ಜೋಡಿಸಿಟ್ಟ ಕಾರಿಗೆ ಮಾತ್ರ ಒಳ್ಳೆಯ ಬೆಲೆ.

ಐದನೆಯದು ಹೆಸರು ಬದಲಾವಣೆ. ಫಾರಂ 29, 30ಕ್ಕೆ ಸಹಿ ಮಾಡಿಸಿ ಆರ್‌ಟಿಓ ಕಚೇರಿಯಲ್ಲಿ ಹೆಸರು ಬದಲಿಸಿ. ಹದಿನಾಲ್ಕು ದಿನದೊಳಗೆ ವಿಮೆ ಕಂಪನಿಗೂ ತಿಳಿಸಿ. ಮಾರುವವನ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಅದು ಅವನದೇ. ಹಾಗೆಯೇ ನಮ್ಮ ಹೆಸರಿನಲ್ಲಿದ್ದ ಗಾಡಿಯನ್ನು ಮಾರುವಾಗಲೂ ಎಚ್ಚರ. ಕಾರು ಕೈಬಿಟ್ಟು ಹೋಗಿದ್ದರೂ ಕಾಗದದಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. "ಅಮ್ಮಾ, ಗಾಡಿ ನಿನ್ನ ಹೆಸರಲ್ಲಿರಲಿ" ಎಂದು ಪ್ರೀತಿಯಿಂದ ಕೇಳುವ ಮಕ್ಕಳಿದ್ದಾರೆ. ಪ್ರೀತಿ ಸರಿ, ಅಪಘಾತವಾದರೆ ನೋಟೀಸು ಬರುವುದೂ ಅಮ್ಮನಿಗೇ!

ಇನ್ನು ಚಿಂತಾಮಣಿಯ ಸೋದರಿಗೆ. ಮಗನನ್ನು ಗದರಬೇಡಿ. ದುಡಿಯುವ ಹುಡುಗನಿಗೆ ಒಂದು ಆಸೆ ಇರುವುದು ತಪ್ಪಲ್ಲ. ಆದರೆ ಆಸೆ ಅವನದು, ಬಳೆ ನಿಮ್ಮದು. ಹೀಗೆ ಹೇಳಿ ನೋಡಿ: "ಇಳಿಯೋದೇ ಇಲ್ಲ ಅಂದವರ ಹತ್ತಿರ, ಎರಡು ವರ್ಷದ ಮೇಲೆ ಇದೇ ಬೆಲೆಗೆ ನಾವೇ ವಾಪಸ್ಸು ತಗೋತೀವಿ ಅಂತ ಬರೆಸಿಕೊಂಡು ಬಾ ಮಗಾ. ಆಮೇಲೆ ಮಾತಾಡೋಣ." ಬರೆದುಕೊಡುವವರು ಸಿಗಲಾರರು. ಮಗನಿಗೆ ಅಷ್ಟು ಸಾಕು.

ಅವನು ತನ್ನ ಉಳಿತಾಯದಲ್ಲೇ, ನಾಲ್ಕು ಜನ ಕೂರುವ, ಚುರುಕಾಗಿ ಓಡುವ ಪುಟ್ಟ ಪೆಟ್ರೋಲ್ ಕಾರೊಂದನ್ನು ನಾಲ್ಕೈದು ವರ್ಷ ಹಳೆಯದು ನೋಡಿ ಕೊಳ್ಳಲಿ. ಕೊಳ್ಳುವ ಮೊದಲು ಮಾರುವವನ ಗೆಳೆಯನಲ್ಲದ ಮೆಕ್ಯಾನಿಕ್ಕಿಗೆ ಹಣ ಕೊಟ್ಟು ತೋರಿಸಲಿ. ನೀವು ಕೊಡಲೇಬೇಕೆಂದರೆ ಠೇವಣಿಯ ಬಡ್ಡಿಯಲ್ಲಿ ಒಂದಿಷ್ಟು ಕೊಡಿ, ಬ್ಯಾಂಕಿನ ಮೂಲಕವೇ ಕೊಡಿ, ಸಾಲವೋ ಉಡುಗೊರೆಯೋ ಎಂದು ಅಂದೇ ಮಾತಾಡಿಕೊಳ್ಳಿ. ಠೇವಣಿಯ ಅಸಲು ನಿಮ್ಮ ಮುಪ್ಪಿನದು, ಅದನ್ನು ಮುಟ್ಟಬೇಡಿ. ಬಳೆ ಕೈಯಲ್ಲೇ ಇರಲಿ.

ಹಳೆ ಮದ್ರಾಸು ರಸ್ತೆ ಹಲಸೂರಿನಿಂದ ಕೆ.ಆರ್. ಪುರ ದಾಟಿ ಹೊಸಕೋಟೆಯ ಕಡೆಗೇ ಬರುತ್ತದೆ. ಆ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ನಿಮ್ಮನ್ನೂ ನಿಮ್ಮವರನ್ನೂ ಕೂರಿಸಿಕೊಂಡು ಊರಿಗೆ ಬರುವ ಕಾರು ಯಾವ ಕೆಂಪು ಕಾರಿಗೂ ಕಡಿಮೆಯಲ್ಲ. ಏನೆನ್ನುತ್ತೀರಿ, ಸೋದರಿಯರೇ?