ಗಿಟಾರ್ ಮೇಲೆ ಗೂಬೆ ಕೂರಿಸಬೇಡಿ

ಹಂಪಿ ಉತ್ಸವ ಹತ್ತಿರ ಬಂತೆಂದರೆ ಹೊಸಪೇಟೆಯ ಸಭೆಗಳಲ್ಲಿ ಹಳೇ ರಾಗ ಶುರು: ಗಿಟಾರ್, ಡ್ರಮ್ಸ್ ಬಂದು ಜಾನಪದ ಕೆಟ್ಟಿತು! ವರದಿ ಮಾಡಿ ಮಾಡಿ ನಮಗದು ಬಾಯಿಪಾಠವಾಗಿದೆ.

ಈ ಸಿಟ್ಟು ನಮ್ಮೂರಿನದಷ್ಟೇ ಅಲ್ಲ. 1965ರ ಜುಲೈನಲ್ಲಿ ಅಮೆರಿಕದ ನ್ಯೂಪೋರ್ಟ್ ಜಾನಪದ ಉತ್ಸವಕ್ಕೆ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದಾಗ ಸಭಿಕರಲ್ಲಿ ಹಲವರು ಕೂಗಾಡಿದ್ದರು. ರಾಕ್ ಸಂಗೀತದ ಚರಿತ್ರೆ ಬರೆಯುವವರು ಇವತ್ತಿಗೂ ಆ ಸಂಜೆಯನ್ನು ಬಿಡುವುದಿಲ್ಲ. ಅಷ್ಟು ದೂರ ಯಾಕೆ? 1940ರಲ್ಲಿ ನಮ್ಮ ರೇಡಿಯೊ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತ್ತು. ಆ ನಿಷೇಧ ಮೂರು ದಶಕ ನಡೆಯಿತು. ಈಗ ಹಾರ್ಮೋನಿಯಂ ಇಲ್ಲದೆ ಕಂಪ್ಲಿ ಕಡೆ ಒಂದು ಬಯಲಾಟ ಆಡಿಸಿ ತೋರಿಸಿ, ನೋಡೋಣ.

ರಘು ದೀಕ್ಷಿತ್ 2008ರ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ತತ್ವಪದವನ್ನು ಗಿಟಾರ್ ನುಡಿಸಿ ಹಾಡಿದರು. ಕಾಲೇಜು ಹುಡುಗರ ಮೊಬೈಲಿಗೆ ಶರೀಫರು ಬಂದರು. ಕೆಟ್ಟದ್ದೇನು?

ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಅಕ್ಷರ ಕಲಿತವರಲ್ಲ. ಕುಮಾರರಾಮನ ಕಥೆಯೂ ಸೇರಿ ಹನ್ನೆರಡು ಕಾವ್ಯ ಅವರ ನಾಲಿಗೆ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಅವರ ಬುರ್ರಕಥೆಗೆ ಇವತ್ತು ಹುಡುಗರು ಸಿಗದಿದ್ದರೆ ಅದೂ ಗಿಟಾರಿನ ತಪ್ಪೇ? ಸಿನಿಮಾ ಗಾಯಕರಿಗೆ ರಾತ್ರಿಯ ದೊಡ್ಡ ವೇದಿಕೆ, ಕಥೆ ಹಾಡುವವರಿಗೆ ಖಾಲಿ ಕುರ್ಚಿ ಎಂದು ಪಟ್ಟಿ ಮಾಡಿದ್ದು ಗಿಟಾರ್ ಅಲ್ಲವಲ್ಲ! ಈ ಸಲ ಆಹ್ವಾನ ಪತ್ರಿಕೆಯಲ್ಲಿ ಕಲಾವಿದರ ಹೆಸರಿನ ಮುಂದೆ ಸಂಭಾವನೆಯನ್ನೂ ಅಚ್ಚು ಹಾಕಿಸಿ. ನಾವು ಅದನ್ನೇ ವರದಿ ಮಾಡುತ್ತೇವೆ.