ಸತ್ತಂತೆ ತೋರಿದ ಡಿಸ್ಕು

ಮೈಸೂರಿನ ಒಂದು ಸಣ್ಣ ಬೀದಿಯ ಫೋಟೋ ಸ್ಟುಡಿಯೋ. ಬೆಳಗಿನ ಒಂಬತ್ತು ಗಂಟೆ. ಹನ್ನೊಂದಕ್ಕೆ ಹೆಣ್ಣಿನ ಕಡೆಯವರು ಮದುವೆಯ ಚಿತ್ರಗಳನ್ನು ಆರಿಸಲು ಬರುವವರಿದ್ದರು. ಯಜಮಾನರು ಎರಡು ದಿನದ ಮದುವೆಯ ಚಿತ್ರಗಳನ್ನೆಲ್ಲ ತುಂಬಿಟ್ಟಿದ್ದ ಹಾರ್ಡ್ ಡಿಸ್ಕನ್ನು ಬೀರುವಿನಿಂದ ತೆಗೆದು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಜೋಡಿಸಿದರು. ಡಿಸ್ಕಿನ ಪುಟ್ಟ ದೀಪವೇನೋ ಹತ್ತಿತು. ಆದರೆ ಪರದೆಯ ಮೇಲೆ ಅದರ ಸುಳಿವೇ ಇಲ್ಲ. ತೆಗೆದು ಮತ್ತೆ ಹಾಕಿದರು. ಪಕ್ಕದ ಕಿಂಡಿಗೆ ಹಾಕಿದರು. ಕೇಬಲ್ಲನ್ನು ಬದಲಿಸಿದರು. ಫಲ ಮಾತ್ರ ಸೊನ್ನೆ.

ಕೀಬೋರ್ಡೂ ಮೌಸೂ ಅದೇ ಬಗೆಯ ಕಿಂಡಿಗಳಲ್ಲಿ ಕುಳಿತು ಎಂದಿನಂತೆ ಕೆಲಸ ಮಾಡುತ್ತಿದ್ದವು. ಕಿಂಡಿ ಸರಿಯಾಗಿದೆ, ಹಾಗಾದರೆ ಡಿಸ್ಕೇ ಸತ್ತಿರಬೇಕು ಎಂದು ಯಜಮಾನರು ತರ್ಕಿಸಿದರು. ಮೇಲ್ನೋಟಕ್ಕೆ ಆ ತರ್ಕದಲ್ಲಿ ದೋಷವೇನೂ ಕಾಣದು. ಡಿಸ್ಕನ್ನು ಹಿಡಿದು ಪಕ್ಕದ ಜೆರಾಕ್ಸ್ ಅಂಗಡಿಗೆ ನಡೆದರು. ಅಲ್ಲಿದ್ದದ್ದು ವಿಂಡೋಸ್ ಕಂಪ್ಯೂಟರ್. ಅದು ಡಿಸ್ಕನ್ನು ಗುರುತಿಸಿತು. ಆದರೆ ಬಳಸುವ ಮುನ್ನ ಇದನ್ನು ಫಾರ್ಮ್ಯಾಟ್ ಮಾಡಬೇಕೆಂಬ ಸೂಚನೆಯನ್ನು ಪರದೆಯ ಮೇಲೆ ಮೂಡಿಸಿ, ಕೆಳಗೊಂದು ಗುಂಡಿಯನ್ನೂ ತೋರಿಸಿತು. ಯಜಮಾನರ ಬೆರಳು ಮೌಸಿನ ಮೇಲಿತ್ತು. ಅಷ್ಟರಲ್ಲಿ ಕಾಲೇಜಿಗೆ ಹೊರಟಿದ್ದ ಅವರ ಸೋದರಳಿಯ ಅಂಗಡಿಯೊಳಕ್ಕೆ ಇಣುಕಿ ನೋಡಿದ.

"ಮಾವ, ಸ್ವಲ್ಪ ತಾಳಿ. ಅದನ್ನು ಮಾತ್ರ ಒತ್ತಬೇಡಿ."

"ಒತ್ತದೆ ಇನ್ನೇನು ಮಾಡಲಪ್ಪ? ಹನ್ನೊಂದಕ್ಕೆ ಅವರು ಬಂದುಬಿಡುತ್ತಾರೆ."

"ಒತ್ತಿದರೆ ಬಂದವರಿಗೆ ತೋರಿಸುವುದಕ್ಕೆ ಏನೂ ಇರುವುದಿಲ್ಲ ಮಾವ."

ಹುಡುಗನ ಮಾತು ನಿಜವಾಗಿತ್ತು. ಸ್ಟುಡಿಯೋದ ಕಂಪ್ಯೂಟರ್ ನಡೆಯುತ್ತಿದ್ದುದು ಲಿನಕ್ಸ್ ವ್ಯವಸ್ಥೆಯಿಂದ. ಡಿಸ್ಕನ್ನು ಅಣಿಮಾಡಿದ್ದುದೂ ಲಿನಕ್ಸಿಗೆ ಸೇರಿದ ಎಕ್ಸ್‌ಟಿ4 ಎಂಬ ಕ್ರಮದಲ್ಲಿ. ವಿಂಡೋಸ್ ಆ ಕ್ರಮವನ್ನು ತಾನಾಗಿ ಓದಲಾರದು. ಓದಲು ಬಾರದ ಪುಸ್ತಕವನ್ನು ಖಾಲಿ ಪುಸ್ತಕವೆಂದು ಭಾವಿಸಿ, ಹಾಳೆಗಳನ್ನೆಲ್ಲ ಒರಸಿಕೊಡಲೇ ಎಂದು ಕೇಳಿದಂತಾಗಿತ್ತು ಅದರ ಪ್ರಶ್ನೆ. ಆದರೆ ಆ ಪ್ರಶ್ನೆಯಲ್ಲೇ ಒಂದು ಶುಭವಾರ್ತೆಯೂ ಅಡಗಿತ್ತು: ಡಿಸ್ಕು ಸತ್ತಿರಲಿಲ್ಲ.

ಸೋದರಳಿಯ ಸ್ಟುಡಿಯೋಗೆ ಮರಳಿ ತನ್ನ ಜೇಬಿನ ಪೆನ್ ಡ್ರೈವನ್ನು ಅದೇ ಕಂಪ್ಯೂಟರಿಗೆ ಹಾಕಿ ನೋಡಿದ. ಅದೂ ಕಾಣಿಸಲಿಲ್ಲ. ಒಂದೇ ರಾತ್ರಿಯಲ್ಲಿ ಎರಡು ಸಾಧನಗಳೂ ಕೆಟ್ಟುಹೋಗುವುದುಂಟೆ? "ನಿನ್ನೆ ರಾತ್ರಿ ಏನಾದರೂ ಬದಲಾಯಿಸಿದಿರಾ ಮಾವ?" ಎಂದು ಕೇಳಿದ. ಯಜಮಾನರು ನೆನಪು ಮಾಡಿಕೊಂಡರು. ಹೊಸ ಆವೃತ್ತಿ ಬಂದಿದೆ, ಹಾಕಲೇ ಎಂದು ಕಂಪ್ಯೂಟರ್ ಕೇಳಿತ್ತು. ಅವರು ಒಪ್ಪಿ, ಅದನ್ನು ಆರಿಸದೆಯೇ ಮನೆಗೆ ಹೋಗಿದ್ದರು.

ರೋಗದ ಮೂಲ ಅಲ್ಲಿತ್ತು.

ಯಾವುದೇ ಕಾರ್ಯವ್ಯವಸ್ಥೆಯ ತಿರುಳಿಗೆ ಕರ್ನಲ್ ಎಂದು ಹೆಸರು. ಲಿನಕ್ಸಿನ ಕರ್ನಲನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆಯತೊಡಗಿದರು. ಯುಎಸ್‌ಬಿ ಹುಟ್ಟಿದ್ದು ಅನಂತರ, 1996ರಲ್ಲಿ. ಬರೋಡದಲ್ಲಿ ಓದಿ ಅಮೆರಿಕೆಯ ಇಂಟೆಲ್ ಸಂಸ್ಥೆಯನ್ನು ಸೇರಿದ್ದ ಅಜಯ್ ಭಟ್ ಅದರ ರೂಪಕರ್ತರಲ್ಲಿ ಪ್ರಮುಖರು. ಒಂದೊಂದು ಸಾಧನಕ್ಕೂ ಒಂದೊಂದು ಬಗೆಯ ಕಿಂಡಿ ಇದ್ದ ಕಾಲವನ್ನು ಅದು ಕೊನೆಗಾಣಿಸಿತು. ಕಿಂಡಿ ಒಂದೇ ಆದರೂ ಸಾಧನಗಳು ಬಗೆಬಗೆಯವು. ಪ್ರತಿಯೊಂದರೊಡನೆ ಮಾತನಾಡುವ ವಿದ್ಯೆಯೂ ಬೇರೆಬೇರೆ. ಆ ವಿದ್ಯೆಗಳನ್ನೆಲ್ಲ ಕರ್ನಲ್ ಸದಾ ತಲೆಯಲ್ಲಿ ಹೊತ್ತು ತಿರುಗುವುದಿಲ್ಲ. ಮಾಡ್ಯೂಲುಗಳೆಂಬ ತುಣುಕುಗಳಾಗಿ ಅವನ್ನು ಡಿಸ್ಕಿನಲ್ಲಿ ಇರಿಸಿ, ಬೇಕಾದಾಗ ಮಾತ್ರ ತರಿಸಿಕೊಳ್ಳುತ್ತದೆ.

ಇದನ್ನು ಮದುವೆಮನೆಯ ಅಡಿಗೆಗೆ ಹೋಲಿಸಬಹುದು. ಅಡಿಗೆಯ ಭಟ್ಟರು ಒಲೆಯ ಮುಂದೆ ನಿಂತಿದ್ದಾರೆ. ಪಾತ್ರೆ ಪದಾರ್ಥಗಳು ಉಗ್ರಾಣದಲ್ಲಿವೆ. ಆಗಲೇ ತಂದುಕೊಂಡ ಸೌಟು, ಜಾಲರಿಗಳಿಂದ ಅಡಿಗೆ ಸಾಗುತ್ತಿದೆ. ಈ ನಡುವೆ ನಾಳೆ ಬರುವ ಹೊಸ ಭಟ್ಟರಿಗಾಗಿ ಯಾರೋ ಉಗ್ರಾಣವನ್ನು ಬರಿದು ಮಾಡಿ ಬೇರೆ ಸಾಮಾನು ತುಂಬಿದರೆನ್ನೋಣ. ಹಳೆಯ ಭಟ್ಟರಿಗೆ ಅದು ಗೊತ್ತಾಗುವುದು, ಇನ್ನೊಂದು ಸಾಮಾನು ತರಲು ಆಳನ್ನು ಕಳುಹಿಸಿದಾಗ ಮಾತ್ರ. ಆಳು ಬರಿಗೈಯಲ್ಲಿ ಮರಳುತ್ತಾನೆ.

ಸ್ಟುಡಿಯೋದಲ್ಲಿ ನಡೆದದ್ದು ಇದೇ. ಹೊಸ ಕರ್ನಲ್ ಡಿಸ್ಕಿನಲ್ಲಿ ಬಂದು ಕುಳಿತಿತ್ತು. ನಡೆಯುತ್ತಿದ್ದುದು ಮಾತ್ರ ಸ್ಮರಣೆಯಲ್ಲಿದ್ದ ಹಳೆಯ ಕರ್ನಲ್. ಆರ್ಚ್ ಲಿನಕ್ಸಿನಂಥ ವಿತರಣೆಗಳು ಹೊಸದನ್ನು ಹಾಕುವಾಗ ಹಳೆಯ ಮಾಡ್ಯೂಲುಗಳನ್ನು ತೆಗೆದುಹಾಕುತ್ತವೆ. ಕೀಬೋರ್ಡಿನ, ಮೌಸಿನ ಮಾಡ್ಯೂಲುಗಳು ಮೊದಲೇ ಸ್ಮರಣೆಗೆ ಬಂದಿದ್ದವು. ಆದ್ದರಿಂದ ಅವು ನಡೆದವು. ಡಿಸ್ಕಿಗೆ ಬೇಕಾದ ಮಾಡ್ಯೂಲನ್ನು ಆ ಮೊದಲು ಯಾರೂ ಕೇಳಿರಲಿಲ್ಲ. ಕೇಳಿದಾಗ ಉಗ್ರಾಣದಲ್ಲಿ ಅದು ಇರಲಿಲ್ಲ. ಹುಡುಗ ಕಂಪ್ಯೂಟರನ್ನು ಆರಿಸಿ ಹೊತ್ತಿಸಿದ. ಡಿಸ್ಕು ಕಾಣಿಸಿತು. ಚಿತ್ರಗಳೆಲ್ಲ ಇದ್ದಲ್ಲಿಯೇ ಇದ್ದವು.

ಎಲ್ಲ ಪ್ರಕರಣಗಳೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲವೆಂಬುದು ನಿಜ. ಆರಿಸಿ ಹೊತ್ತಿಸಿದ ಮೇಲೂ ಸಾಧನ ಬಾಯಿ ಬಿಡದಿದ್ದರೆ, ಗಾಬರಿಯಿಲ್ಲದೆ ಒಂದೊಂದೇ ಹೆಜ್ಜೆ ಇಡುವುದು ಲೇಸು.

ಮೊದಲ ಹೆಜ್ಜೆ, ಯಂತ್ರ ಏನು ಹೇಳುತ್ತಿದೆಯೆಂದು ಕೇಳುವುದು. ಎಲ್-ಎಸ್-ಯು-ಎಸ್-ಬಿ ಎಂಬ ಐದಕ್ಷರದ ಆಜ್ಞೆ ಕಿಂಡಿಗಳಿಗೆ ಜೋಡಿಸಿರುವ ಸಾಧನಗಳ ಪಟ್ಟಿಯನ್ನು ಕೊಡುತ್ತದೆ. ಪ್ರತಿ ಸಾಧನವೂ ತನ್ನ ತಯಾರಕನ ಸಂಖ್ಯೆಯನ್ನೂ ತನ್ನ ಮಾದರಿಯ ಸಂಖ್ಯೆಯನ್ನೂ ಒಪ್ಪಿಸಿಯೇ ಒಳಗೆ ಬರಬೇಕು. ಹೆಸರು ಪಟ್ಟಿಯಲ್ಲಿದ್ದೂ ಸಾಧನ ಕೆಲಸ ಮಾಡದಿದ್ದರೆ, ಮೊದಲ ಪರಿಚಯವಂತೂ ಮುಗಿದಿದೆ. ಹುಡುಕಬೇಕಾದದ್ದು ಮುಖ್ಯವಾಗಿ ಮಾಡ್ಯೂಲಿನ ಕಡೆ. ಹೆಸರೇ ಇಲ್ಲದಿದ್ದರೆ ಡಿ-ಎಂ-ಇ-ಎಸ್-ಜಿ ಎಂಬ ಆಜ್ಞೆಯಿಂದ ಕರ್ನಲಿನ ದಿನಚರಿಯನ್ನು ಓದಬೇಕು. ಅಲ್ಲಿ ಋಣ 71 ಅಥವಾ ಋಣ 110 ಎಂಬ ದೋಷಸಂಖ್ಯೆಗಳು ಕಂಡರೆ, ಮಾತು ಕೆಟ್ಟಿತು ಅಥವಾ ಉತ್ತರ ಹೊತ್ತಿಗೆ ಬರಲಿಲ್ಲವೆಂದು ಅರ್ಥ. ಇದಕ್ಕೆ ಹಲವು ವೇಳೆ ಕಾರಣ ಸವೆದ ಕೇಬಲ್ಲು, ಸಡಿಲ ಕಿಂಡಿ, ಸಾಲದ ವಿದ್ಯುತ್ತು. ಎರಡನೆಯ ತಲೆಮಾರಿನ ಯುಎಸ್‌ಬಿ ಕಿಂಡಿಯಿಂದ ಸಾಧನವೊಂದು ಪಡೆಯಬಹುದಾದದ್ದು 500 ಮಿಲಿಆಂಪಿಯರ್, ಮೂರನೆಯದರಿಂದ 900.

ಎರಡನೆಯ ಹೆಜ್ಜೆ ಎಲ್ಲಕ್ಕಿಂತ ಉಪಯುಕ್ತವಾದದ್ದು. ಡೆಬಿಯನ್, ಉಬುಂಟು ಮೊದಲಾದ ವಿತರಣೆಗಳು ಹಿಂದಿನ ಕರ್ನಲನ್ನು ಉಳಿಸಿಕೊಂಡಿರುತ್ತವೆ. ಕಂಪ್ಯೂಟರ್ ಏಳುವಾಗ ಮೂಡುವ ಪಟ್ಟಿಯಿಂದ ಅದನ್ನು ಆರಿಸಿಕೊಳ್ಳಬಹುದು. ಹಳೆಯದರಲ್ಲಿ ಸಾಧನ ನಡೆದು ಹೊಸದರಲ್ಲಿ ನಡೆಯದಿದ್ದರೆ ತಪ್ಪು ಬದಲಾವಣೆಯ ಕಡೆಯದು. ಎರಡರಲ್ಲೂ ನಡೆಯದಿದ್ದರೆ ಕರ್ನಲನ್ನು ದೂರುವುದರಲ್ಲಿ ಅರ್ಥವಿಲ್ಲ.

ಮೂರನೆಯದು, ಹೊರಗಿನವರು ಬರೆದ ಮಾಡ್ಯೂಲುಗಳ ವಿಚಾರ. ಕೆಲವು ವೈಫೈ ಸಾಧನಗಳ ಮಾಡ್ಯೂಲು ಕರ್ನಲಿನೊಡನೆ ಬರುವುದಿಲ್ಲ. ಬೇರೆಯಾಗಿ ತಂದು ಹಾಕಿರುತ್ತಾರೆ. ಒಂದು ಕರ್ನಲಿಗೆ ಹೊಲಿದ ಅಂಗಿ ಇನ್ನೊಂದಕ್ಕೆ ಹಿಡಿಸದು. ಪ್ರತಿ ಸಲವೂ ಹೊಸದಾಗಿ ಹೊಲಿಯಬೇಕು. ಡಿಕೆಎಂಎಸ್ ಎಂಬ ಉಪಕರಣ ಆ ಹೊಲಿಗೆಯನ್ನು ತಾನಾಗಿ ಮಾಡುತ್ತದೆ. ಆದರೆ ಹೊಸ ಕರ್ನಲಿನ ಹೆಡರ್ ಕಡತಗಳು ಇಲ್ಲದಿದ್ದರೆ ಅದು ಸೋಲುತ್ತದೆ. ಸೆಕ್ಯೂರ್ ಬೂಟ್ ಎಂಬ ಕಾವಲು ಇರುವ ಯಂತ್ರಗಳಲ್ಲಿ ರುಜುವಿಲ್ಲದ ಮಾಡ್ಯೂಲಿಗೆ ಸಾಮಾನ್ಯವಾಗಿ ಪ್ರವೇಶವೂ ಸಿಕ್ಕುವುದಿಲ್ಲ.

ಇನ್ನು ಸಾಧನವೇ ಸುಳ್ಳು ಹೇಳುವ ಪ್ರಸಂಗಗಳೂ ಉಂಟು. 2014ರಲ್ಲಿ ಹೊರಬಂದ ಲಿನಕ್ಸಿನ 3.15ನೆಯ ಕರ್ನಲ್, ಡಿಸ್ಕುಗಳೊಡನೆ ಮಾತನಾಡಲು ಯುಎಎಸ್ ಎಂಬ ವೇಗದ ಕ್ರಮವನ್ನು ಬಳಕೆಗೆ ತಂದಿತು. ಹಳೆಯ ಕ್ರಮದಲ್ಲಿ ಒಂದು ಕೆಲಸ ಮುಗಿದ ಮೇಲೆ ಇನ್ನೊಂದನ್ನು ಹೇಳಬೇಕು. ಹೊಸ ಕ್ರಮದಲ್ಲಿ ಹಲವು ಕೆಲಸಗಳನ್ನು ಒಟ್ಟಿಗೇ ಹೇಳಬಹುದು. ಕೆಲವು ಡಿಸ್ಕುಗಳೊಳಗಿನ ಚಿಪ್ಪುಗಳು ಹೊಸ ಕ್ರಮ ತಮಗೆ ಬರುತ್ತದೆಂದು ಹೇಳಿಕೊಂಡವು; ಕೆಲಸದ ಹೊರೆ ಬಿದ್ದಾಗ ಮಾತ್ರ ಮೂರ್ಛೆ ಹೋದವು. ನಿನ್ನೆಯವರೆಗೆ ಸರಿಯಾಗಿದ್ದ ಡಿಸ್ಕು ಇಂದು ಕೆಟ್ಟಿತೆಂದು ಬಳಸುವವರು ಮರುಗಿದರು. ಅಂಥ ಚಿಪ್ಪುಗಳ ಸಂಖ್ಯೆಗಳನ್ನು ಕರ್ನಲಿನವರು ಪಟ್ಟಿಮಾಡಿ, ಇವುಗಳೊಡನೆ ಹಳೆಯ ಕ್ರಮದಲ್ಲೇ ಮಾತನಾಡತಕ್ಕದ್ದೆಂದು ಬರೆದಿಟ್ಟರು. ಪಟ್ಟಿಯಲ್ಲಿಲ್ಲದ ಡಿಸ್ಕನ್ನು ಬಳಸುವವರೇ ಸೇರಿಸಿಕೊಳ್ಳಬಹುದು. ಕಂಪ್ಯೂಟರ್ ಏಳುವಾಗ ಕೊಡುವ 'ಯುಎಸ್‌ಬಿ-ಸ್ಟೋರೇಜ್ ಕ್ವರ್ಕ್ಸ್' ಎಂಬ ಸೂಚನೆಯಲ್ಲಿ ಅದರ ಎರಡು ಸಂಖ್ಯೆಗಳನ್ನೂ 'ಯು' ಎಂಬ ಅಕ್ಷರವನ್ನೂ ಬರೆದರಾಯಿತು. ವೇಗ ತುಸು ಕುಗ್ಗೀತು, ಡಿಸ್ಕು ನಡೆದೀತು.

ಇವಾವುವೂ ಫಲಿಸದಿದ್ದರೆ? ಆಗ ಕರ್ನಲಿನವರಿಗೇ ತಿಳಿಸಬೇಕು. ಹಿಂದೆ ನಡೆಯುತ್ತಿದ್ದುದನ್ನು ಕೆಡಿಸುವ ಬದಲಾವಣೆಯನ್ನು ದೋಷವೆಂದೇ ಎಣಿಸತಕ್ಕದ್ದು, ಬಳಸುವವರನ್ನು ದೂಷಿಸತಕ್ಕದ್ದಲ್ಲವೆಂಬುದು ಟೊರ್ವಾಲ್ಡ್ಸರು ಬಹುಕಾಲದಿಂದ ಕಾಪಾಡಿಕೊಂಡು ಬಂದಿರುವ ನಿಯಮ. ದೋಷವನ್ನು ಹುಡುಕಲು ಅವರೇ 2005ರಲ್ಲಿ ರಚಿಸಿದ ಗಿಟ್ ಎಂಬ ಉಪಕರಣದಲ್ಲಿ ಸೊಗಸಾದ ಉಪಾಯವೊಂದಿದೆ. ಸರಿಯಾಗಿದ್ದ ಕರ್ನಲಿಗೂ ಕೆಟ್ಟ ಕರ್ನಲಿಗೂ ನಡುವೆ ಹತ್ತು ಸಾವಿರ ಬದಲಾವಣೆಗಳಿದ್ದರೂ, ಪ್ರತಿ ಸಲ ಸರಿಯಾಗಿ ನಡುವಿನದನ್ನು ಪರೀಕ್ಷಿಸಿ ಅರ್ಧವನ್ನು ಕೈಬಿಡುತ್ತ ಹೋದರೆ, ಹದಿನಾಲ್ಕು ಪರೀಕ್ಷೆಗಳಲ್ಲಿ ತಪ್ಪಿತಸ್ಥ ಬದಲಾವಣೆ ಸಿಕ್ಕಿಬೀಳುತ್ತದೆ. ತಾಳ್ಮೆಯುಳ್ಳ ಒಬ್ಬ ಸಾಮಾನ್ಯ ಬಳಕೆದಾರ ಇದನ್ನು ಮಾಡಿಕೊಟ್ಟರೆ, ಅದೇ ಸಾಧನವನ್ನಿಟ್ಟುಕೊಂಡು ಪರದಾಡುತ್ತಿರುವ ಊರೂರಿನ ಅಪರಿಚಿತರಿಗೆಲ್ಲ ಉಪಕಾರವಾಗುತ್ತದೆ.

ಹನ್ನೊಂದು ಗಂಟೆಗೆ ಹೆಣ್ಣಿನ ಕಡೆಯವರು ಬಂದರು. ಧಾರೆಯ ಚಿತ್ರ, ಸಪ್ತಪದಿಯ ಚಿತ್ರ ಒಂದೊಂದಾಗಿ ಪರದೆಯ ಮೇಲೆ ಮೂಡಿದವು. ಹುಡುಗಿಯ ಅಜ್ಜಿ ಮೊಮ್ಮಗಳ ಕೆನ್ನೆ ಹಿಡಿದಿದ್ದ ಚಿತ್ರವೊಂದರ ಮುಂದೆ ಎಲ್ಲರೂ ಬಹಳ ಹೊತ್ತು ನಿಂತರು. ಎರಡು ಗಂಟೆಯ ಹಿಂದೆ ಒಂದೇ ಒಂದು ಗುಂಡಿಯ ಒತ್ತಿಗೆ ಅದು ಅಳಿಸಿಹೋಗಲಿತ್ತೆಂಬುದು ಅವರಲ್ಲಿ ಯಾರಿಗೂ ತಿಳಿಯಲಿಲ್ಲ.

ಅವರನ್ನು ಕಳುಹಿಸಿಕೊಟ್ಟ ಮೇಲೆ ಯಜಮಾನರು ಪೇಟೆಗೆ ಹೋಗಿ ಇನ್ನೊಂದು ಡಿಸ್ಕನ್ನು ಕೊಂಡುತಂದರು. ಸಂಜೆ ಬಾಗಿಲು ಹಾಕುವ ಮುನ್ನ ಮದುವೆಯ ಚಿತ್ರಗಳೆಲ್ಲ ಅದಕ್ಕೂ ನಕಲಾಗಿದ್ದವು, ಕಂಪ್ಯೂಟರನ್ನು ಆರಿಸಲಾಗಿತ್ತು.