ಕಲಿಕೆಗೆ ಬೇಕಾದ ಕಾಲ

‘ಕಲಿಯುವವರೆಗೆ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ’ ಎಂಬ ಗಾದೆ ಕನ್ನಡನಾಡಿನಲ್ಲಿ ಬಹು ಹಳೆಯದು. ರಂಗದ ಮೇಲೆ ವೇಷಧಾರಿಯು ಗಿರಕಿ ಹೊಡೆದು, ತಾಳಕ್ಕೆ ತಕ್ಕ ಹೆಜ್ಜೆಯಿಟ್ಟು, ಮರುಗಳಿಗೆಯಲ್ಲೇ ಏರುದನಿಯಲ್ಲಿ ಮಾತಿಗೆ ತೊಡಗಿದಾಗ ಅದೆಲ್ಲವೂ ಅವನಿಗೆ ಹುಟ್ಟಿನಿಂದಲೇ ಒಲಿದು ಬಂದಂತೆ ತೋರುತ್ತದೆ. ಆ ಸಲೀಸಿನ ಹಿಂದೆ ಎಷ್ಟು ಇರುಳುಗಳ ದುಡಿಮೆ ಅಡಗಿದೆಯೆಂಬುದು ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಹಾಡು, ಕುಣಿತ, ಮಾತು, ವೇಷ ಇವು ನಾಲ್ಕೂ ಕೂಡಿ ಒಂದಾಗಬೇಕಾದ ಕಲೆ ಓದಿನಿಂದ ಮಾತ್ರ ಬರುವುದಲ್ಲ, ನೋಟದಿಂದ ಮಾತ್ರ ಬರುವುದೂ ಅಲ್ಲ. ಅದು ಕಾಲ ವೆಚ್ಚಮಾಡಿ ಗಳಿಸಬೇಕಾದ ಸಂಪತ್ತು. ಆ ಕಾಲ ಹಿಂದಿನವರಿಗೆ ಎಲ್ಲಿಂದ ದೊರೆಯುತ್ತಿತ್ತು, ಇಂದಿನವರಿಗೆ ಏಕೆ ದೊರೆಯುತ್ತಿಲ್ಲ ಎಂಬುದು ವಿಚಾರಮಾಡತಕ್ಕ ವಿಷಯ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯು ಮೂಡಲಸೀಮೆಗೆ ಸೇರಿದ ನೆಲ. ಹಾಸನ ಜಿಲ್ಲೆಯಲ್ಲಿ ಇದೇ ಹೆಸರಿನ ಇನ್ನೊಂದು ಊರಿದೆ, ಇದು ಅದಲ್ಲ. ಇಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆ ಮತ್ತು ಕೆರೆ ಇವೆರಡೇ ಹಿಂದಿನವರ ಆಧಾರ. ರಾಗಿಯೇ ಮುಖ್ಯವಾದ ಬೆಳೆ. ಮಳೆಗಾಲದಲ್ಲಿ ಬಿತ್ತಿದ ರಾಗಿಯನ್ನು ಚಳಿಗಾಲದ ಆರಂಭದಲ್ಲಿ ಕೊಯ್ದು, ಮೆದೆ ಒಟ್ಟಿ, ಕಣದಲ್ಲಿ ಒಕ್ಕಿ ಮನೆಗೆ ತುಂಬಿಕೊಂಡರೆ ಮುಂದಿನ ಮಳೆಯವರೆಗೆ ರೈತನಿಗೆ ತಕ್ಕಮಟ್ಟಿನ ಬಿಡುವು. ಬೆಂಗಳೂರು, ಕೋಲಾರ, ತುಮಕೂರು, ಮಂಡ್ಯ, ಹಾಸನಗಳ ಕಡೆಯ ಹಳ್ಳಿಗಳಲ್ಲಿ ಬೆಳೆದು ಬಂದ ಮೂಡಲಪಾಯ ಯಕ್ಷಗಾನವು ಆ ಬಿಡುವಿನ ಕೂಸು.

ಊರವರು ಕೂಡಿ ‘ಕರಿಭಂಟನ ಕಾಳಗ’ದಂಥ ಪ್ರಸಂಗವೊಂದನ್ನು ಆಡಬೇಕೆಂದು ನಿಶ್ಚಯಿಸಿದರೆ ಮೊದಲು ಭಾಗವತನನ್ನು ಗೊತ್ತುಮಾಡಬೇಕಾಗಿತ್ತು. ಅವನಿಗೆ ಊಟ, ವಸತಿ, ಕೈಲಾದಷ್ಟು ಸಂಭಾವನೆ ಇವು ಊರಿನ ಹೊಣೆ. ಹಗಲಿನ ಕೆಲಸ ಮುಗಿದ ಮೇಲೆ ಗುಡಿಯ ಮುಂದೆಯೋ ಯಾರದಾದರೂ ಹಜಾರದಲ್ಲಿಯೋ ತಾಲೀಮು ಸಾಗುತ್ತಿತ್ತು. ಭಾಗವತನು ಪದವನ್ನು ಎತ್ತಿಕೊಟ್ಟರೆ ಮದ್ದಲೆ ನುಡಿಯುತ್ತಿತ್ತು, ಮುಖವೀಣೆ ಅದಕ್ಕೆ ಶ್ರುತಿಗೂಡುತ್ತಿತ್ತು. ಅಕ್ಷರ ಬಾರದವನು ಕಿವಿಯಿಂದಲೇ ಕಲಿತು ಬಾಯಿಪಾಠ ಮಾಡಿಕೊಳ್ಳುತ್ತಿದ್ದನು. ಹೆಜ್ಜೆ ತಪ್ಪಿದರೆ ಮತ್ತೆ ಮೊದಲಿನಿಂದ. ಹೀಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದ ಮೇಲೆ ಬಯಲಿನಲ್ಲಿ ರಂಗ ಕಟ್ಟಿ ಬೆಳಗಾಗುವ ತನಕ ಆಡುತ್ತಿದ್ದರು.

ಈ ಪದ್ಧತಿಯ ವಿಶೇಷವೊಂದನ್ನು ಮರೆಯಬಾರದು. ತಾಲೀಮಿನಲ್ಲಿ ಕಲಿಯುತ್ತಿದ್ದವರು ವೇಷ ಕಟ್ಟುವ ಹತ್ತು ಹದಿನೈದು ಜನರಷ್ಟೇ ಅಲ್ಲ. ಮೂಲೆಯಲ್ಲಿ ಕುಳಿತು ನಿದ್ದೆಗಣ್ಣಿನಿಂದ ನೋಡುತ್ತಿದ್ದ ಹುಡುಗನ ಕಿವಿಗೂ ಆ ಪದ ಬೀಳುತ್ತಿತ್ತು. ಹತ್ತು ವರ್ಷಗಳ ಬಳಿಕ ಗೆಜ್ಜೆ ಕಟ್ಟುವ ಹೊತ್ತಿಗೆ ಅವನ ಕಲಿಕೆ ಆಗಲೇ ಅರ್ಧ ಮುಗಿದಿರುತ್ತಿತ್ತು. ಆಟವನ್ನು ನೋಡಿ ತಪ್ಪು ಹಿಡಿಯಬಲ್ಲ ರಸಿಕರೂ ಅಲ್ಲಿಯೇ ತಯಾರಾಗುತ್ತಿದ್ದರು. ಊರೇ ಅಲ್ಲಿ ಶಾಲೆಯಾಗಿತ್ತು.

ಹಾಗೆಂದು ಹಳೆಯದೆಲ್ಲ ಹೊನ್ನೆಂದು ಬಗೆಯುವುದು ವಿವೇಕವಲ್ಲ. ಆ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳು ದೂರದಿಂದ ನೋಡಬಹುದಿತ್ತೇ ಹೊರತು ಗೆಜ್ಜೆ ಕಟ್ಟುವಂತಿರಲಿಲ್ಲ. ಸ್ತ್ರೀಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಜಾತಿಯ ಗೋಡೆಗಳು ಊರಿನಲ್ಲಿದ್ದಂತೆ ರಂಗದ ಸುತ್ತಲೂ ಇದ್ದವು. ಒಬ್ಬೊಬ್ಬನು ತನ್ನ ಪಾತ್ರವನ್ನು ಮಾತ್ರ ಗಟ್ಟಿಮಾಡಿಕೊಳ್ಳುತ್ತಿದ್ದುದರಿಂದ ಕಲೆಯ ಒಟ್ಟು ಲಕ್ಷಣವನ್ನು ಬಲ್ಲವನು ಬಹುಮಟ್ಟಿಗೆ ಭಾಗವತನೊಬ್ಬನೇ. ಅವನು ಕಣ್ಮುಚ್ಚಿದರೆ ಅವನೊಡನೆ ಎಷ್ಟೋ ಮಟ್ಟುಗಳೂ ಮಣ್ಣುಗೂಡುತ್ತಿದ್ದವು.

ಮುಂದೆ ಕಂಪನಿ ನಾಟಕಗಳ ಪ್ರಭಾವ ಹಳ್ಳಿಗಳಿಗೆ ಹಬ್ಬಿತು. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯಂಥ ಮಂಡಳಿಗಳ ಹಾಡುಗಾರಿಕೆ, ಪರದೆ, ದೀಪಗಳ ಬೆಡಗು ಜನರ ಮನಸ್ಸನ್ನು ಸೆಳೆದವು. ಭಾಗವತನಿದ್ದೆಡೆಗೆ ಹಾರ್ಮೋನಿಯಂ ಹಿಡಿದ ನಾಟಕದ ಮೇಷ್ಟರು ಬಂದರು. ‘ಕುರುಕ್ಷೇತ್ರ’ ಊರೂರಿನ ನಾಟಕವಾಯಿತು. ಕಲಿಕೆಯಲ್ಲಿ ಕುಣಿತ ಹಿಂದೆ ಸರಿದು ಪದ್ಯ ಮುಂದೆ ಬಂದಿತು. ಆದರೂ ಸಂಜೆಯ ತಾಲೀಮು ನಿಲ್ಲಲಿಲ್ಲ. ಬರಬರುತ್ತ ದುರ್ಯೋಧನ, ಕೃಷ್ಣ ಮೊದಲಾದ ಪಾತ್ರಗಳಿಗೆ ಹೆಚ್ಚು ಹಣ ಕೊಟ್ಟವನಿಗೆ ಪಾತ್ರವೆಂಬ ವಾಡಿಕೆಯೂ ಬೆಳೆಯಿತು. ಯೋಗ್ಯತೆಯಿಂದ ದೊರೆಯಬೇಕಾದುದು ಹಣಕ್ಕೆ ದೊರೆತಾಗ ಶಿಕ್ಷಣದ ಬೆಲೆ ತಗ್ಗುವುದು ಸಹಜ.

ಇದೇ ಕಾಲದಲ್ಲಿ ಕರಾವಳಿಯ ಯಕ್ಷಗಾನವು ಬೇರೆಯ ದಾರಿ ಹಿಡಿಯಿತು. ಅಲ್ಲಿ ಮೇಳವೇ ಗುರುಕುಲವಾಗಿತ್ತು. ಮೇಳಕ್ಕೆ ಸೇರಿದ ಹುಡುಗನು ಕೋಡಂಗಿ, ಬಾಲಗೋಪಾಲ ವೇಷಗಳಿಂದ ತೊಡಗಿ, ಸ್ತ್ರೀವೇಷ, ಪುಂಡುವೇಷಗಳ ಮೆಟ್ಟಿಲೇರಿ, ವರ್ಷಗಟ್ಟಲೆ ಹಿರಿಯರನ್ನು ನೋಡುತ್ತ ನೋಡುತ್ತ ಬೆಳೆಯುತ್ತಿದ್ದನು. ಈ ವ್ಯವಸ್ಥೆಯೂ ಸಡಿಲಗೊಳ್ಳುತ್ತಿದ್ದಾಗ 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಗುಣವಂತೆಯಲ್ಲಿ ಕಲಾಕೇಂದ್ರವನ್ನು ತೆರೆದರು. ಹೆಜ್ಜೆ, ತಾಳ, ಮಾತುಗಾರಿಕೆ, ಬಣ್ಣಗಾರಿಕೆ ಇವುಗಳಿಗೆ ಪಾಠಕ್ರಮ ಏರ್ಪಟ್ಟಿತು. ಮೂಡಲಪಾಯದ ಹಿರಿಮೆಯನ್ನು ಜೀ. ಶಂ. ಪರಮಶಿವಯ್ಯನವರಂಥ ಜಾನಪದ ವಿದ್ವಾಂಸರು ಎತ್ತಿಹಿಡಿದರಾದರೂ ಕರಾವಳಿಯಲ್ಲಿ ದೊರೆತಷ್ಟು ಸಾಂಸ್ಥಿಕ ಬೆಂಬಲ ಇದಕ್ಕೆ ದೊರೆಯಲಿಲ್ಲ.

ದೂರದ ಚೀನಾದಲ್ಲಿಯೂ ಹಾಡು, ಕುಣಿತ, ಮಾತು, ಅಂಗಸಾಧನೆಗಳು ಕೂಡಿದ ನಾಟ್ಯಕಲೆಯೊಂದಿದೆ. ಅದರ ಶಿಕ್ಷಣದ ಕಥೆ ಇಲ್ಲಿಗೂ ಕನ್ನಡಿ ಹಿಡಿಯುತ್ತದೆ. ಬೀಜಿಂಗ್ ನಗರದಲ್ಲಿ 1904ರಿಂದ 1948ರವರೆಗೆ ನಡೆದ ಫೂಲಿಯನ್‌ಚೆಂಗ್ ಎಂಬ ಶಾಲೆಯಲ್ಲಿ ತಂದೆತಾಯಿಗಳು ಕರಾರುಪತ್ರ ಬರೆದುಕೊಟ್ಟು ಗಂಡುಮಕ್ಕಳನ್ನು ಸುಮಾರು ಏಳು ವರ್ಷಗಳ ಅವಧಿಗೆ ಒಪ್ಪಿಸುತ್ತಿದ್ದರು. ಒಬ್ಬನು ತಪ್ಪಿದರೆ ಎಲ್ಲರಿಗೂ ಏಟು ಬೀಳುವ ಶಿಕ್ಷೆಯೂ ಅಲ್ಲಿ ಇತ್ತು. ಆ ಶಾಲೆಯಿಂದ ಮಹಾನಟರು ಹೊರಬಂದರು, ನಿಜ. ಆದರೆ ಅವರನ್ನು ರೂಪಿಸಿದುದು ಬೆತ್ತವೇ ಅಥವಾ ಏಳು ವರ್ಷಗಳ ಎಡೆಬಿಡದ ಸಾಧನೆಯೇ? 1950ರಲ್ಲಿ ಅದೇ ನಗರದಲ್ಲಿ ಸರ್ಕಾರದ ನಾಟ್ಯಶಾಲೆ ಆರಂಭವಾಯಿತು. ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶ ದೊರೆಯಿತು. ಕಲೆಯ ಜೊತೆಗೆ ಸಾಮಾನ್ಯ ವಿದ್ಯಾಭ್ಯಾಸವೂ ಸೇರಿತು. ಕರಾರುಪತ್ರ ಹೋಯಿತು, ಆದರೆ ವರ್ಷಗಟ್ಟಲೆಯ ಸಾಧನೆ ಉಳಿಯಿತು. ಈ ವಿವೇಕವನ್ನು ಗಮನಿಸಬೇಕು.

ಮೂಡಲಸೀಮೆಯಲ್ಲಿ ಆದುದಾದರೂ ಏನು? ಇಲ್ಲಿ ಯಾರೂ ಕಲೆಯನ್ನು ಬೇಕೆಂದು ತೊರೆಯಲಿಲ್ಲ, ಕಾಲವೇ ಕೈಜಾರಿತು. ಕೊಳವೆಬಾವಿಗಳು ಬಂದ ಮೇಲೆ ರಾಗಿಯ ಹೊಲಗಳಲ್ಲಿ ದ್ರಾಕ್ಷಿ, ಹಿಪ್ಪುನೇರಳೆ, ಹೂವು, ತರಕಾರಿಗಳು ಬೆಳೆದವು. ಮನೆಗೆ ಹಣ ಬಂದಿತು. ಆದರೆ ಸುಗ್ಗಿಯ ನಂತರದ ಬಿಡುವು ಇಲ್ಲವಾಯಿತು. ರೇಷ್ಮೆಹುಳು ಸೊಪ್ಪಿಗಾಗಿ ಕಾದಿರುವಾಗ ಮನೆಯವರು ತಾಲೀಮಿಗೆ ಹೋಗುವುದೆಂತು? 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ತರುಣರಿಗೆ ಹಗಲಿರುಳು ಪಾಳಿಯ ಕೆಲಸಗಳು ದೊರೆತವು. ಹತ್ತು ಜನ ಒಂದೇ ಹೊತ್ತಿಗೆ ಒಂದೆಡೆ ಸೇರುವುದೇ ದುರ್ಲಭವಾಯಿತು. ಬಳಿಕ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವ ಯತ್ನ ನಡೆದಾಗ ರೈತರು 2022ರಿಂದ ಮೂರು ವರ್ಷಗಳಿಗೂ ಮಿಕ್ಕು ಹೋರಾಡಿದರು. 2025ರ ಜುಲೈ ತಿಂಗಳಲ್ಲಿ ಸರ್ಕಾರವು ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಊರು ಊರಾಗಿ ಉಳಿದರೆ ತಾನೆ ಊರಿನ ಆಟ! ನೆಲ ಉಳಿದ ಕಡೆ ಕಲೆಯೂ ಉಳಿದೇ ಉಳಿಯುವುದೆಂದು ಹೇಳಲಾಗದು. ಆದರೆ ನೆಲವೇ ಚದುರಿದ ಕಡೆ ಅದು ಉಳಿಯುವುದು ಅಸಾಧ್ಯ.

ಹತ್ತು ದಿನಗಳ ಶಿಬಿರ ನಡೆಸಿ, ಕೊನೆಯ ದಿನ ಕಿರೀಟವಿಟ್ಟು ಛಾಯಾಚಿತ್ರ ತೆಗೆಸಿ, ಪ್ರಮಾಣಪತ್ರ ಹಂಚುವುದು ಇಂದಿನ ರೂಢಿ. ಶಿಬಿರದಿಂದ ಅಭಿರುಚಿ ಹುಟ್ಟೀತು, ವಿದ್ಯೆ ಹುಟ್ಟದು. ಧ್ವನಿಮುದ್ರಿಕೆ ಪದವನ್ನು ಕಾಪಾಡೀತು. ತಪ್ಪಿದ ಹೆಜ್ಜೆಯನ್ನು ತಿದ್ದದು. ತಿದ್ದುವ ಗುರು, ತಿದ್ದಿಸಿಕೊಳ್ಳುವ ಶಿಷ್ಯ, ಇವರಿಬ್ಬರೂ ಒಟ್ಟಿಗೆ ಕಳೆಯುವ ಕಾಲ ಇವು ಮೂರಕ್ಕೂ ಬದಲಿಯಿಲ್ಲ.

ಕಳೆದುಹೋದ ಸುಗ್ಗಿಯ ಬಿಡುವನ್ನು ಮರಳಿ ತರುವುದು ಯಾರಿಂದಲೂ ಆಗದು. ಆದರೆ ಹಳ್ಳಿಯ ಮಕ್ಕಳೆಲ್ಲರೂ ಜಾತಿಭೇದವಿಲ್ಲದೆ, ಹೆಣ್ಣುಗಂಡೆಂಬ ಭೇದವಿಲ್ಲದೆ ಒಂದೆಡೆ ಸೇರುವ ತಾಣವೊಂದು ಇಂದಿಗೂ ಇದೆ. ಅದು ಶಾಲೆ. ಉಳಿದಿರುವ ಭಾಗವತರನ್ನು ಗೌರವದಿಂದ ಕರೆತಂದು, ತಕ್ಕ ವೇತನವಿತ್ತು, ವಾರಕ್ಕೆರಡು ಸಂಜೆಯಂತೆ ವರ್ಷವಿಡೀ ಕಲಿಸುವ ಏರ್ಪಾಡು ಮಾಡಿದರೆ ಹಳೆಯ ಪದ್ಧತಿಯ ಗುಣ ಉಳಿದು ದೋಷ ಕಳೆಯುವುದು. ಬೆತ್ತ ಬೇಡ, ಕರಾರು ಬೇಡ; ಸಾವಧಾನ ಬೇಕು. ಮೂಲೆಯಲ್ಲಿ ಕುಳಿತು ನೋಡುವ ಮಗುವಿಗೂ ಅಲ್ಲಿ ಒಂದು ಮಣೆಯಿರಲಿ. ಮುಂದೊಂದು ದಿನ ಗೆಜ್ಜೆ ಕಟ್ಟುವುದು ಆ ಮಗುವೇ.